ಘಾಟಿಯಲ್ಲಿ ಕೆಡುವ ಗಾಡಿ, ಮೈಸೂರಿನಲ್ಲಿ ಸರಿಯಿರುವ ಗಾಡಿ

ಮಂಚ, ಫ್ರಿಜ್ಜು, ನೀರಿನ ಟ್ಯಾಂಕು ಎಲ್ಲ ಒಳಗೇ ಇರುವ ಓಡುವ ಮನೆ, ಅಂದರೆ ಕ್ಯಾರವಾನು, ಸಂಪಾಜೆ ಘಾಟಿ ಇಳಿಯುವಾಗ ಅದರ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಎಂಜಿನ್ ಉಸಿರು ಕಟ್ಟಿದ ಹಾಗೆ ಎರಡನೇ ಗೇರಿನಲ್ಲೇ ತೆವಳುತ್ತದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಮೂರು ದಿನ ಬಿಡದೆ ಹೊಡೆದರೆ ಮಂಚದ ತಲೆದೆಸೆಯ ಪ್ಲೈವುಡ್ಡು ಉಬ್ಬುತ್ತದೆ. ಅದೇ ಕ್ಯಾರವಾನನ್ನು ಮಡಿಕೇರಿಯಿಂದ ನೂರಿಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ ಮೈಸೂರಿನ ಸರ್ವಿಸ್ ಸೆಂಟರಿನಲ್ಲಿ ನಿಲ್ಲಿಸಿದರೆ, ಇನ್‌ಸ್ಪೆಕ್ಟರ್ ಬಂದ ದಿನದ ಶಾಲೆಯ ಹಾಗೆ ಎಲ್ಲವೂ ಶಿಸ್ತು. ಪೆಡಲ್ ಗಟ್ಟಿ. ಎಂಜಿನ್ ಲಘು. ಚಾವಣಿ ಒಣ. ಸಂಜೆ ಕೈಗೆ ಬರುವ ಕಾಗದದ ಕೊನೆಯ ಸಾಲು ಎಲ್ಲರಿಗೂ ಬಾಯಿಪಾಠ: 'ಚೆಕ್ ಮಾಡಲಾಗಿದೆ, ಟ್ರಯಲ್ ಓಕೆ.'

ಇದನ್ನು ಮೋಸ ಎನ್ನುವವರು ಬಹಳ ಜನ. ಕೆಲವು ಕಡೆ ಮೋಸವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನ ಸಲ ನಡೆಯುವುದು ಇಷ್ಟೇ: ಕೊಡಗಿನ ಏರು, ಇಳಿಜಾರು, ಥಂಡಿ, ಮಳೆ ಇವುಗಳಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷವನ್ನು ನಾವು ಬಯಲುಸೀಮೆಯ ಸಮತಟ್ಟು ರಸ್ತೆಯಲ್ಲಿ, ಒಣ ಹವೆಯಲ್ಲಿ, ಖಾಲಿ ಗಾಡಿಯಲ್ಲಿ ಹುಡುಕಲು ಹೇಳುತ್ತೇವೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಏರು. ಸರ್ವಿಸ್ ಸೆಂಟರಿನ ಟ್ರಯಲ್ ಎಂದರೆ ರಿಂಗ್ ರೋಡಿನಲ್ಲಿ ನಾಲ್ಕು ಕಿಲೋಮೀಟರ್. ಕಾಯಿಲೆಯನ್ನು ಮನೆಯಲ್ಲೇ ಬಿಟ್ಟು ರೋಗಿಯನ್ನು ಮಾತ್ರ ಆಸ್ಪತ್ರೆಗೆ ಕರೆದೊಯ್ದ ಹಾಗಾಯಿತು. ವಾರಂಟಿಯಲ್ಲಿ ಕೆಲಸ ಆಗಬೇಕಾದರೆ ಘಾಟಿಯನ್ನೂ ಜೊತೆಗೆ ಮೈಸೂರಿಗೆ ಒಯ್ಯಬೇಕು. ಒಯ್ಯುವ ದಾರಿಗಳು ಇವೆ.

ಮೂರು ಜಾಬ್ ಕಾರ್ಡು, ಮೂರು ರೋಗ

ಸರ್ವಿಸ್ ಸೆಂಟರುಗಳಲ್ಲಿ ಪದೇ ಪದೇ ಕಾಣುವ ಒಂದು ದೃಶ್ಯವಿದೆ. ಬೆಳಗ್ಗೆ ಒಂಬತ್ತೂವರೆ. ನಾಪೋಕ್ಲು ಕಡೆಯಿಂದ ನಸುಕಿಗೇ ಹೊರಟು ಬಂದ ಯಜಮಾನರು ಕೌಂಟರಿನ ಮುಂದೆ ನಿಂತಿದ್ದಾರೆ. ನಿದ್ದೆಯಿಲ್ಲ, ತಿಂಡಿಯಾಗಿಲ್ಲ, ತೋಟದಲ್ಲಿ ಆಳುಗಳು ಕಾಯುತ್ತಿದ್ದಾರೆ.

"ಏನು ಸಾರ್ ಪ್ರಾಬ್ಲಮ್ಮು?"

"ಪಿಕಪ್ಪೇ ಇಲ್ಲಪ್ಪ. ಮೂರನೇ ಸಲ ಬರ್ತಾ ಇದ್ದೀನಿ, ನಿಮ್ಮವರಿಗೆ ಎಷ್ಟು ಸಲ ಹೇಳೋದು?"

ಹುಡುಗ ಜಾಬ್ ಕಾರ್ಡಿನಲ್ಲಿ, ಅಂದರೆ ದೂರು ದಾಖಲಿಸುವ ಹಾಳೆಯಲ್ಲಿ, ಟೈಪ್ ಮಾಡಿದ್ದು ಎರಡೇ ಪದ: 'ಪಿಕಪ್ ಕಮ್ಮಿ.' ಹಿಂದಿನ ಎರಡು ಕಾರ್ಡು ತೆಗೆದು ನೋಡಿದರೆ ಮೊದಲನೆಯದರಲ್ಲಿ 'ಹೊಗೆ ಜಾಸ್ತಿ', ಎರಡನೆಯದರಲ್ಲಿ 'ಎಂಜಿನ್ ಲೈಟ್ ಬರುತ್ತೆ'. ಯಜಮಾನರಿಗೆ ಇದು ಒಂದೇ ರೋಗ, ಮೂರು ಸಲ. ಕಂಪನಿಯ ಕಂಪ್ಯೂಟರಿಗೆ ಮೂರು ಬೇರೆ ಬೇರೆ ದೂರುಗಳು, ಮೊದಲೆರಡೂ ಬಗೆಹರಿದು ಮುಚ್ಚಿಹೋದವು. 'ಪುನರಾವರ್ತಿತ ದೂರು' ಎಂಬ ಗುರುತು ಬಿದ್ದರೆ ತಾನೇ ಮೇಲಿನವರ ಕಣ್ಣಿಗೆ ಬೀಳುವುದು? ಆ ಗುರುತು ಬೀಳಬೇಕಾದರೆ ಪ್ರತಿ ಸಲವೂ ಅದೇ ಮಾತುಗಳಲ್ಲಿ ದೂರು ದಾಖಲಾಗಬೇಕು.

ಹಾಗಾಗಿ ಮನೆಯಲ್ಲೇ ಒಂದು ಕಾಗದದಲ್ಲಿ ದೂರನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಹೀಗೆ: 'ಭಾಗಮಂಡಲ–ತಲಕಾವೇರಿ ಏರಿನಲ್ಲಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎರಡನೇ ಗೇರಿನಲ್ಲಿ 2,000 ಆರ್‌ಪಿಎಂ ದಾಟುವುದಿಲ್ಲ. ಹಳದಿ ಎಂಜಿನ್ ದೀಪ ಹೊತ್ತುತ್ತದೆ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಓಡೋಮೀಟರ್ 11,480. ಹಿಂದಿನ ಜಾಬ್ ಕಾರ್ಡ್ ಸಂಖ್ಯೆಗಳು ಇಂತಿಂಥವು.' ಇದನ್ನು ಅಕ್ಷರಶಃ ಜಾಬ್ ಕಾರ್ಡಿನಲ್ಲಿ ಟೈಪ್ ಮಾಡಿಸಿ, ಓದಿ, ಆಮೇಲೆ ಸಹಿ. 'ಪಿಕಪ್ ಇಲ್ಲ', 'ಸೌಂಡ್ ಬರುತ್ತೆ', 'ಏನೋ ಒಂಥರಾ ಆಗುತ್ತೆ' ಎಂಬ ಮಾತುಗಳು ಮನೆಯಲ್ಲಿ ಸಾಕು, ಕೌಂಟರಿನಲ್ಲಿ ಸಾಲವು. ಯಾವ ಭಾಗ ಕೆಟ್ಟಿದೆ ಎಂದು ನಾವೇ ತೀರ್ಪು ಬರೆಸುವುದೂ ಬೇಡ. 'ಟರ್ಬೊ ಹೋಗಿದೆ' ಎಂದು ಬರೆಸಿದರೆ ಅವರು ಟರ್ಬೊ ನೋಡಿ, ಸರಿಯಿದೆ ಎಂದು ಬರೆದು ಕಳಿಸುತ್ತಾರೆ. ಅವರ ತಪ್ಪೂ ಅಲ್ಲ.

ಕೌಂಟರಿನ ಹುಡುಗನ ಕಡೆಯಿಂದಲೂ ನೋಡಬೇಕು. ವಾರಂಟಿ ಕೆಲಸಕ್ಕೆ ಡೀಲರಿಗೆ ದುಡ್ಡು ಕೊಡುವುದು ಕಂಪನಿ. ಯಾವ ಭಾಗ ಬದಲಿಸಲು ಎಷ್ಟು ಗಂಟೆ ಎಂಬ ಲೆಕ್ಕ ಮೊದಲೇ ನಿಗದಿ. ರೋಗ ಹುಡುಕಲು ಕಳೆದ ಅರ್ಧ ದಿನಕ್ಕೆ ಆ ಲೆಕ್ಕದಲ್ಲಿ ಜಾಗ ಕಮ್ಮಿ. ಬದಲಿಸಿದ ಹಳೇ ಭಾಗವನ್ನು ಕಂಪನಿ ತರಿಸಿಕೊಂಡು ಪರೀಕ್ಷಿಸಿ, 'ಇದರಲ್ಲಿ ದೋಷವಿಲ್ಲ' ಎಂದರೆ ಕ್ಲೇಮ್ ರಿಜೆಕ್ಟ್ ಆಗಿ ಖರ್ಚು ಡೀಲರನ ತಲೆಗೆ. ಅವನಿಗೆ ಬೇಕಿರುವುದು ಕ್ಲೇಮಿನ ಜೊತೆ ಲಗತ್ತಿಸಲು ಆಧಾರ. ಆ ಆಧಾರವನ್ನು ನಾವು ತಂದುಕೊಟ್ಟರೆ ಅವನು ನಮ್ಮ ಪಕ್ಷ. ಬೈದರೆ ಕಂಪನಿಯ ಪಕ್ಷ.

ಆಧಾರಗಳಲ್ಲಿ ಮೊದಲನೆಯದು ಗಾಡಿಯ ಹೊಟ್ಟೆಯಲ್ಲೇ ಇದೆ. ಎಂಜಿನ್ ದೀಪ ಹೊತ್ತಿದ ಕ್ಷಣದಲ್ಲಿ ಇಸಿಯು (ಎಂಜಿನ್ನನ್ನು ನಡೆಸುವ ಕಂಪ್ಯೂಟರ್) ಆಗಿನ ಆರ್‌ಪಿಎಂ, ವೇಗ, ಕೂಲಂಟ್ ತಾಪ, ಎಂಜಿನ್ ಲೋಡ್ ಇವನ್ನು ದೋಷಸಂಕೇತದ ಜೊತೆ ಕಟ್ಟಿಡುತ್ತದೆ. ಫ್ರೀಜ್ ಫ್ರೇಮ್ ಅಂತಾರೆ. ತಲಕಾವೇರಿ ಏರನ್ನು ಮೈಸೂರಿಗೆ ಹೊತ್ತೊಯ್ಯುವುದು ಇದೇ. ನಾವು ಮಾಡುವ ದೊಡ್ಡ ತಪ್ಪೆಂದರೆ ದಾರಿಯಲ್ಲಿ ಯಾವುದೋ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ 'ಎರರ್ ಕ್ಲಿಯರ್' ಮಾಡಿಸುವುದು. ದೀಪ ಆರುತ್ತದೆ, ಸಾಕ್ಷಿಯೂ ಅಳಿಯುತ್ತದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಟರ್ಮಿನಲ್ ಕಳಚಿದರೂ ಇದೇ ಕಥೆ. ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಒಬಿಡಿ ರೀಡರ್ ಇದ್ದರೆ ಸಂಕೇತವನ್ನೂ ಫ್ರೀಜ್ ಫ್ರೇಮನ್ನೂ ಮೊಬೈಲಿನಲ್ಲಿ ಓದಿ ಸ್ಕ್ರೀನ್‌ಶಾಟ್ ತೆಗೆದಿಡಿ. ಅಳಿಸುವ ಗುಂಡಿ ಮುಟ್ಟಬೇಡಿ. ಎರಡನೆಯದು ವಿಡಿಯೊ, ಡ್ಯಾಶ್‌ಬೋರ್ಡೂ ರಸ್ತೆಯೂ ಒಟ್ಟಿಗೆ ಕಾಣುವಂತೆ, ಪಕ್ಕದಲ್ಲಿ ಕೂತವರು ತೆಗೆದದ್ದು. ಮೂರನೆಯದು, ಟೆಕ್ನಿಶಿಯನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವುದು. ಸಂಪಾಜೆಗೆ ಅದು ಸಮವಲ್ಲ, ಊರಿನ ಮಟ್ಟದಿಂದ ಮುನ್ನೂರು ಮೀಟರ್ ಆಸುಪಾಸಿನ ಏರು ಅಷ್ಟೇ. ಆದರೂ ರಿಂಗ್ ರೋಡಿಗಿಂತ ಎಷ್ಟೋ ವಾಸಿ. ನೀರಿನ ಟ್ಯಾಂಕು ತುಂಬಿಸಿಕೊಂಡೇ ಹೋಗಿ. ಖಾಲಿ ಗಾಡಿ ಸುಳ್ಳು ಹೇಳುತ್ತದೆ.

ದೂರು ಯಾರ ಬಾಗಿಲಿಗೆ?

ಕಾರು ಕೊಂಡವರಿಗೆ ಈ ತಲೆನೋವಿಲ್ಲ. ಕ್ಯಾರವಾನ್ ಎಂದರೆ ಒಂದು ಗಾಡಿಯಲ್ಲಿ ಮೂರ್ನಾಲ್ಕು ವಾರಂಟಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಸ್ಟೀರಿಂಗ್ ಇವು ಚಾಸಿ, ಅಂದರೆ ತಳದ ಗಾಡಿ, ತಯಾರಿಸಿದ ಕಂಪನಿಯವು. ಮೇಲಿನ ಮನೆ, ಅಂದರೆ ಚಾವಣಿ, ಕಿಟಕಿ, ಮಂಚ, ನೀರಿನ ಪೈಪು, ಒಳಗಿನ ವೈರಿಂಗ್ ಇವು ಬಾಡಿ ಬಿಲ್ಡರನದು. ಎಸಿ, ಫ್ರಿಜ್ಜು, ಇನ್ವರ್ಟರ್, ಬ್ಯಾಟರಿ ಇವು ಆಯಾ ಕಂಪನಿಯವು, ಒಂದೊಂದರ ಅವಧಿಯೂ ಬೇರೆ. ಟೈರಿಗೆ ಟೈರ್ ಕಂಪನಿಯನ್ನೇ ಹಿಡಿಯಬೇಕು. ಮೊಂಡು ದೋಷಗಳು ವಾಸ ಮಾಡುವುದು ಈ ಗಡಿಗಳ ಮೇಲೆಯೇ. ಬೆಳಗ್ಗೆ ಸ್ಟಾರ್ಟ್ ಆಗದ ಗಾಡಿಗೆ ಚಾಸಿಯವರು ಹೇಳುತ್ತಾರೆ, "ಒಳಗಡೆ ವೈರಿಂಗ್ ಯಾರೋ ಎಳೆದಿದ್ದಾರೆ ಸಾರ್, ಅವರನ್ನೇ ಕೇಳಿ." ಬಾಡಿ ಬಿಲ್ಡರ್ ಹೇಳುತ್ತಾನೆ, "ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ ಅಣ್ಣಾ, ಷೋರೂಮಿಗೆ ಹೋಗಿ." ಎರಡರ ಮಧ್ಯೆ ನಾವು ಬಾಲ್ ಬ್ಯಾಡ್ಮಿಂಟನ್ ಚೆಂಡು.

ಈ ಜಗಳ ಕೊಳ್ಳುವ ದಿನವೇ ಅರ್ಧ ತೀರಬೇಕು. ಭಾರತದಲ್ಲಿ ಮೋಟರ್ ಕ್ಯಾರವಾನುಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಅದರ ಪ್ರಕಾರ ಅನುಮೋದನೆ ಪಡೆದು, ಆರ್‌ಸಿಯಲ್ಲಿ ಕ್ಯಾರವಾನ್ ಎಂದೇ ನೋಂದಣಿಯಾದ ಗಾಡಿಯದು ಒಂದು ದಾರಿ. ಪ್ರಯಾಣಿಕರ ವ್ಯಾನು ಕೊಂಡು ಆಮೇಲೆ ಎಲ್ಲೋ ಒಳಗೆ ಮನೆ ಕಟ್ಟಿಸಿದ್ದರದು ಇನ್ನೊಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಅಂಥ ಗಾಡಿಯಲ್ಲಿ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಬೇರೆ ನೆಪವೇ ಬೇಡ, ಇನ್ಶೂರೆನ್ಸಿಗೂ ತೊಡಕು. ಚಾಸಿ ಕಂಪನಿಗಳು ಬಾಡಿ ಕಟ್ಟುವವರಿಗೆ ಮಾರ್ಗಸೂಚಿ ಕೊಡುತ್ತವೆ: ಎಲ್ಲಿ ತೂತು ಕೊರೆಯಬಹುದು, ಎಲ್ಲಿ ವೆಲ್ಡಿಂಗ್ ಕೂಡದು, ಯಾವ ಫ್ಯೂಸಿನಿಂದ ಕರೆಂಟು ತೆಗೆಯಬೇಕು. 'ಆ ಮಾರ್ಗಸೂಚಿ ಪಾಲಿಸಿದ್ದೇನೆ' ಎಂದು ಬಾಡಿ ಬಿಲ್ಡರನ ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು, ಜೊತೆಗೆ ವೈರಿಂಗ್ ನಕ್ಷೆ, ಇವೆರಡನ್ನು ಡೆಲಿವರಿಯ ದಿನವೇ ಪಡೆದಿಟ್ಟುಕೊಳ್ಳಿ.

ಬ್ಯಾಟರಿಯ ವ್ಯಾಜ್ಯವನ್ನು ಐನೂರು ರೂಪಾಯಿಯ ಮಲ್ಟಿಮೀಟರ್ ತೀರಿಸುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಎಂಜಿನ್ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ. ಎಲ್ಲ ಬಾಗಿಲು ಮುಚ್ಚಿ, ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು, ನೆಗೆಟಿವ್ ಟರ್ಮಿನಲ್ಲಿನ ಸಾಲಿನಲ್ಲಿ, ಅಂದರೆ ಕಳಚಿದ ತಂತಿಗೂ ಟರ್ಮಿನಲ್ಲಿಗೂ ನಡುವೆ, ಮೀಟರನ್ನು ಕೂರಿಸಿ ಆಂಪಿಯರ್ ನೋಡಿ. 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯ. 400 ತೋರಿಸಿದರೆ ಯಾರೋ ಕುಡಿಯುತ್ತಿದ್ದಾರೆ. ಈಗ ಮನೆ ಭಾಗದ ಮುಖ್ಯ ಫ್ಯೂಸ್ ಎಳೆಯಿರಿ. ಮೀಟರ್ 30ಕ್ಕೆ ಇಳಿದರೆ ಕಳ್ಳ ಬಾಡಿ ಬಿಲ್ಡರನ ವೈರಿಂಗಿನಲ್ಲಿದ್ದಾನೆ, ಇಳಿಯದಿದ್ದರೆ ಚಾಸಿಯಲ್ಲಿ. ಎರಡೂ ಸ್ಥಿತಿಯ ಮೀಟರಿನ ಫೋಟೊ ಸಾಕು. (ಮೀಟರ್ ಸಾಲಿನಲ್ಲಿರುವಾಗ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಮೊದಲ ಸಲ ಎಲ್ಲರೂ ಮಾಡುವುದೇ ಇದು.) ಹಾಗೆಯೇ, ಈಗಿನ ಬಿಎಸ್-6 (ಹೊಗೆಯ ಮಿತಿಯ ಮಾನದಂಡ) ಗಾಡಿಗಳಲ್ಲಿ ಕೆಲವದರ ಆಲ್ಟರ್ನೇಟರ್ ಇಸಿಯು ಹೇಳಿದಂತೆ ವೋಲ್ಟೇಜ್ ಏರಿಸಿ ಇಳಿಸುತ್ತದೆ. ಹಳೇ ಕಾಲದ ರಿಲೇ ಹಾಕಿ ಮನೆ ಬ್ಯಾಟರಿಗೆ ತಂತಿ ಎಳೆದರೆ ಅದು ಎಂದೂ ತುಂಬುವುದಿಲ್ಲ. ಮಧ್ಯೆ ವೋಲ್ಟೇಜನ್ನು ಹದಕ್ಕೆ ತಂದುಕೊಡುವ ಡಿಸಿ–ಡಿಸಿ ಚಾರ್ಜರ್ ಬೇಕು. ಅದಿಲ್ಲದ ಗಾಡಿಯಲ್ಲಿ ಬ್ಯಾಟರಿ ಸತ್ತರೆ ಬ್ಯಾಟರಿ ಕಂಪನಿಯ ಜೊತೆ ಗುದ್ದಾಡಿ ಫಲವಿಲ್ಲ.

ನಿಂತಲ್ಲೇ ಓಡುವ ಎಂಜಿನ್

ಮೇಲಿನ ಯಜಮಾನರ ಗಾಡಿಯ ಕಥೆಯಂಥದ್ದರಲ್ಲಿ ಬಹುಪಾಲು ಡಿಪಿಎಫ್‌ಗೆ ಬಂದು ನಿಲ್ಲುತ್ತದೆ. 2020ರ ಏಪ್ರಿಲ್ 1ರಿಂದ ಮಾರಾಟವಾದ ಬಿಎಸ್-6 ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಈ ಜಾಲರಿ ಇದೆ. ಹಿಡಿದ ಮಸಿಯನ್ನು ಆಗಾಗ ಸುಡಬೇಕು, ಸುಡಲು ಹೊಗೆಯ ತಾಪ 550–600 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಹದದಲ್ಲಿ ಓಡಬೇಕು. ಕೊಡಗಿನೊಳಗಿನ ಓಡಾಟದಲ್ಲಿ ಇದು ಎಲ್ಲಿ ಸಾಧ್ಯ? ತೋಟದ ಗೇಟಿನಿಂದ ಸಂತೆಗೆ, ಸಂತೆಯಿಂದ ಮನೆಗೆ, ತಿರುವಿಗೊಂದು ಗೇರು. ಸುಡುವಿಕೆ ಶುರುವಾಗುವಷ್ಟರಲ್ಲಿ ಕೀ ಆಫ್. ಹೀಗೆ ಅರ್ಧಕ್ಕೆ ನಿಂತ ಪ್ರತಿ ಸಲ, ತಾಪ ಏರಿಸಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಖುಷಿಪಡಬೇಡಿ. ಅದು ಡೀಸೆಲ್ ಬೆರೆತ ಆಯಿಲ್, ಬೇರಿಂಗಿಗೆ ವಿಷ.

ಕ್ಯಾರವಾನಿನವರು ಇದರ ಮೇಲೆ ಇನ್ನೊಂದು ಮಾಡುತ್ತಾರೆ: ಕರೆಂಟು ಹೋದ ರಾತ್ರಿ ಬ್ಯಾಟರಿ ತುಂಬಿಸಲು ಎಂಜಿನ್ನನ್ನು ಗಂಟೆಗಟ್ಟಲೆ ನಿಂತಲ್ಲೇ ಓಡಿಸುವುದು. ಡಿಪಿಎಫ್ ಕಟ್ಟಿಕೊಳ್ಳಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಎಂಜಿನ್ ಓಡಿದ ಗಂಟೆಗಳೂ ಐಡಲ್ ಸಮಯವೂ ಅನೇಕ ಇಸಿಯುಗಳಲ್ಲಿ ದಾಖಲಾಗುತ್ತವೆ. 11,000 ಕಿಲೋಮೀಟರಿಗೆ 900 ಗಂಟೆ ಎಂದು ಬಂದರೆ ಸರಾಸರಿ ವೇಗ ಗಂಟೆಗೆ ಹನ್ನೆರಡು ಕಿಲೋಮೀಟರ್. ಕಂಪನಿಯ ಎಂಜಿನಿಯರ್ ಲೆಕ್ಕ ಹಾಕಿ ನಗುತ್ತಾನೆ, ಕ್ಲೇಮ್ ಅಲ್ಲಿಗೆ ಮುಗಿಯಿತು. ಹಾಗಂತ ಪ್ರತಿ ಸಲವೂ ತಪ್ಪು ಓಡಿಸುವವರದ್ದಲ್ಲ. ಡಿಪಿಎಫ್‌ನ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರುವ ವ್ಯತ್ಯಾಸ ಅಳೆಯುವ ಒಂದು ಸೆನ್ಸರ್ ಇದೆ, ಅದಕ್ಕೆ ಎರಡು ಸಣ್ಣ ಕೊಳವೆ. ಕೊಳವೆ ಬಿರುಕು ಬಿಟ್ಟರೆ ಅಥವಾ ಒಳಗೆ ನೀರೋ ಮಸಿಯೋ ಕಟ್ಟಿದರೆ ಸೆನ್ಸರ್ ಸುಳ್ಳು ಅಂಕಿ ಕೊಡುತ್ತದೆ. ಇಸಿಯು ಬೇಡದಾಗ ಸುಡುತ್ತದೆ, ಬೇಕಾದಾಗ ಸುಮ್ಮನಿರುತ್ತದೆ, ಕೊನೆಗೆ ಎಂಜಿನ್ನಿನ ಶಕ್ತಿಗೆ ಕಡಿವಾಣ. ಪ್ರತಿ ಸಲ 'ಫೋರ್ಸ್ಡ್ ರೀಜೆನ್' (ವರ್ಕ್‌ಶಾಪಿನಲ್ಲೇ ಬಲವಂತವಾಗಿ ಮಸಿ ಸುಡಿಸುವುದು) ಮಾಡಿ ಕಳಿಸಿದರೆ ಮೂರು ವಾರ ಚೆನ್ನಾಗಿರುತ್ತದೆ, ಮತ್ತೆ ಅದೇ. ಕೇಳಬೇಕಾದ್ದು ಇಷ್ಟು: ಎಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಆ ಸೆನ್ಸರ್ ಸೊನ್ನೆ ತೋರಿಸುತ್ತದೆಯೇ? ರೀಜೆನ್‌ಗೆ ಮುಂಚೆ ಮಸಿಯ ಪ್ರಮಾಣ ಎಷ್ಟಿತ್ತು, ಆಮೇಲೆ ಎಷ್ಟು? ಹಿಂದಿನ ಎರಡು ರೀಜೆನ್‌ಗಳ ನಡುವೆ ಎಷ್ಟು ಕಿಲೋಮೀಟರ್? ಈ ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಕೇಳಿದ ಮಾತ್ರಕ್ಕೆ ಎಷ್ಟೋ ಸಲ ಸೀನಿಯರ್ ಟೆಕ್ನಿಶಿಯನ್ ಒಳಗಿನಿಂದ ಎದ್ದು ಬರುತ್ತಾನೆ.

ಮೆತ್ತಗಾಗುವ ಪೆಡಲ್

ಬ್ರೇಕಿನ ದೂರಿಗೆ ಸಿಗುವ ಸಿದ್ಧ ಉತ್ತರ, "ಪ್ಯಾಡು ವೇರ್ ಐಟಂ ಸಾರ್, ವಾರಂಟಿ ಬರಲ್ಲ." ಪ್ಯಾಡಿನ ಮಟ್ಟಿಗೆ ಅದು ನಿಜ. ಕ್ಲಚ್ ಪ್ಲೇಟಿಗೂ ಅದೇ ಮಾತು. ಆದರೆ ಪ್ಯಾಡು ಬೇಗ ಸವೆಯಲು ಕಾರಣವಾದದ್ದು ವೇರ್ ಐಟಂ ಅಲ್ಲದಿರಬಹುದು. ಘಾಟಿ ಇಳಿದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಚಕ್ರಗಳ ಡಿಸ್ಕು ಅಥವಾ ಡ್ರಮ್ಮಿನ ತಾಪ ಅಳೆದು ಬರೆದುಕೊಳ್ಳಿ. ಹಿಂದು ಮುಂದಿನ ವ್ಯತ್ಯಾಸ ಸಹಜ. ಒಂದೇ ಆಕ್ಸಲಿನ ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸವಿದ್ದರೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಅಥವಾ ಅದರ ಸ್ಲೈಡ್ ಪಿನ್ ಹಿಡಿದುಕೊಂಡಿರಬಹುದು. ಅದು ವಾರಂಟಿಗೆ ಬರಬೇಕಾದ ದೋಷ. ಸಣ್ಣ ವಾಣಿಜ್ಯ ಚಾಸಿಗಳಲ್ಲಿ ಹಿಂದಿನ ಆಕ್ಸಲಿನ ಹತ್ತಿರ ಭಾರಕ್ಕೆ ತಕ್ಕಂತೆ ಹಿಂಬ್ರೇಕಿನ ಒತ್ತಡ ಹೊಂದಿಸುವ ಒಂದು ವಾಲ್ವ್ ಇರುವುದುಂಟು. ಬಾಡಿ ಬಿಲ್ಡರ್ ಹಿಂದಿನ ಪ್ಲೇಟಿಗೆ (ಲೀಫ್ ಸ್ಪ್ರಿಂಗಿಗೆ) ಒಂದು ಎಲೆ ಹೆಚ್ಚಿಗೆ ಕೂಡಿಸಿ ಗಾಡಿ ಎತ್ತಿದ್ದರೆ, ಈ ವಾಲ್ವ್ ಗಾಡಿ ಖಾಲಿಯಿದೆ ಎಂದುಕೊಂಡು ಹಿಂಬ್ರೇಕಿಗೆ ಸಾಕಷ್ಟು ಒತ್ತಡ ಕೊಡುವುದಿಲ್ಲ. ಹೆಚ್ಚಿನ ಹೊರೆ ಮುಂದಿನ ಬ್ರೇಕಿಗೆ. ಇದನ್ನು ಸರಿಮಾಡಿಸಬೇಕಾದವನು ಬಾಡಿ ಬಿಲ್ಡರ್.

ಇನ್ನು ಆಯಿಲ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ವರ್ಷಕ್ಕೆ ನಾಲ್ಕು ತಿಂಗಳು ಬಟ್ಟೆಯೇ ಒಣಗದ ನಮ್ಮಲ್ಲಿ ಇನ್ನೂ ಬೇಗ. ಡಾಟ್-4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155. ಡಾಟ್-3ಕ್ಕೆ 205 ಮತ್ತು 140. ಮೂರನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಸಂಪಾಜೆ ಇಳಿದರೆ ಆ ಮಿತಿ ದಾಟುವುದು ಕಷ್ಟವಲ್ಲ. ಆಯಿಲ್ ಕುದಿದು ಆವಿಗುಳ್ಳೆ ಎದ್ದಾಗ ಪೆಡಲ್ ಮೆತ್ತಗೆ. ಆರಿದ ಮೇಲೆ ಗಟ್ಟಿ. ಮೈಸೂರಿನಲ್ಲಿ 'ಓಕೆ' ಬರುವುದು ಇದಕ್ಕೇ. ವರ್ಕ್‌ಶಾಪಿನಲ್ಲಿ ಆಯಿಲಿನ ತೇವ ಅಳೆಯುವ ಪೆನ್ನಿನಂಥ ಸಾಧನ ಇರುತ್ತದೆ, ಕೇಳಿ ಅಳೆಸಿ. ಶೇಕಡಾ 3 ತೋರಿಸಿದರೆ ಬದಲಿಸಿ, ದುಡ್ಡು ನಿಮ್ಮದೇ. ಇಳಿಯುವಾಗ ಎರಡನೇ ಗೇರು ಹಾಕುವುದೂ ನಿಮ್ಮದೇ ಕೆಲಸ.

ಬ್ರೇಕು, ಕ್ಲಚ್ಚು, ಪ್ಲೇಟು, ಟೈರು ಯಾವ ದೂರಿಗೂ ಮೊದಲು ತೂಕದ ಚೀಟಿ ಮಾಡಿಸಿಡಿ. ಕಾಫಿ, ಮರಳು ತೂಗುವ ವೇಬ್ರಿಡ್ಜ್ ಕುಶಾಲನಗರದ ಕಡೆ ಸುಲಭವಾಗಿ ಸಿಗುತ್ತದೆ. ನೀರು, ಗ್ಯಾಸು, ಡೀಸೆಲ್ ತುಂಬಿ, ಎಂದಿನಷ್ಟು ಜನ ಕೂತು, ಮೊದಲು ಮುಂಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಆಮೇಲೆ ಇಡೀ ಗಾಡಿ. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಗೆ ಹೋಲಿಸಿ. 200 ಲೀಟರ್ ನೀರೆಂದರೆ 200 ಕೆ.ಜಿ.; 150 ಎಎಚ್‌ನ ಒಂದೊಂದು ಟ್ಯೂಬುಲರ್ ಬ್ಯಾಟರಿ ಐವತ್ತು ಕೆ.ಜಿ. ದಾಟುತ್ತದೆ. ಮಿತಿ ಮೀರಿದ್ದರೆ ಚಾಸಿ ಕಂಪನಿಯ ಬಳಿ ಬಾಯಿ ತೆರೆಯುವ ಮುನ್ನ ಯೋಚಿಸಿ. ಆದರೆ ನೀವು ಒಂದು ಸಾಮಾನೂ ಹಾಕುವ ಮೊದಲೇ, ಡೆಲಿವರಿಯಾದ ಸ್ಥಿತಿಯಲ್ಲೇ ಮೀರಿದ್ದರೆ, ಆ ಚೀಟಿ ಬಾಡಿ ಬಿಲ್ಡರನ ವಿರುದ್ಧದ ಗಟ್ಟಿ ಸಾಕ್ಷಿ.

ಕಣದಲ್ಲಿ ಸೋರಿಕೆ ಹುಡುಕುವುದು

ಸೋರುವ ಚಾವಣಿಯ ದೂರು ಒಂದು ವಿಚಿತ್ರ. ನೀರು ತೊಟ್ಟಿಕ್ಕುವ ಜಾಗ ಬೇರೆ, ಒಳಗೆ ನುಗ್ಗುವ ಜಾಗ ಬೇರೆ. ಎಸಿಯ ಅಂಚಿನಿಂದ ನುಗ್ಗಿದ ನೀರು ಚಾವಣಿಯ ಪಟ್ಟಿ ಹಿಡಿದು ಎರಡು ಮೀಟರ್ ಹರಿದು ಕಿಟಕಿಯ ಮೇಲೆ ಇಳಿಯುತ್ತದೆ. ಬಾಡಿ ಬಿಲ್ಡರ್ ಕಿಟಕಿಗೆ ಸಿಲಿಕೋನ್ ಬಳಿದು ಕಳಿಸುತ್ತಾನೆ. ಮುಂದಿನ ಮಳೆಗೆ ಮತ್ತೆ ಅದೇ. ಸಿಲಿಕೋನಿನ ಇನ್ನೊಂದು ಕಾಟವೆಂದರೆ, ಒಮ್ಮೆ ಬಳಿದ ಜಾಗದಲ್ಲಿ ಬೇರೆ ಯಾವ ಸೀಲಂಟೂ ಸರಿಯಾಗಿ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಚಾವಣಿಯ ಕೀಲುಗಳಿಗೆ ಬ್ಯುಟೈಲ್ ಟೇಪು, ಅದರ ಮೇಲೆ ಪಾಲಿಯುರಿಥೇನ್ ಸೀಲಂಟ್ ಸರಿಯಾದ ಕ್ರಮ.

ಹುಡುಕಲು ಕಾಫಿ ಒಣಗಿಸುವ ಕಣದಷ್ಟು ಒಳ್ಳೆಯ ಜಾಗವಿಲ್ಲ. ಸಮತಟ್ಟು ಸಿಮೆಂಟು, ಒಂದು ಹನಿ ಬಿದ್ದರೂ ಕಾಣುತ್ತದೆ. ಇಬ್ಬರು ಬೇಕು: ಹೊರಗೊಬ್ಬರು ಪೈಪು ಹಿಡಿದು, ಒಳಗೊಬ್ಬರು ಟಾರ್ಚು ಹಿಡಿದು. ಸಾಮಾನ್ಯ ತೋಟದ ಪೈಪು ಸಾಕು. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಬೇಡ; ಆ ಒತ್ತಡಕ್ಕೆ ಸರಿಯಿರುವ ಸೀಲೂ ನೀರು ಬಿಡುತ್ತದೆ, ಬಾಡಿ ಬಿಲ್ಡರ್ ಅದನ್ನೇ ಹಿಡಿದುಕೊಳ್ಳುತ್ತಾನೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮೇಲಿನಿಂದ ಕೆಳಕ್ಕಲ್ಲ. ಮೊದಲು ಕಿಟಕಿಯ ಕೆಳ ಅಂಚು, ಹತ್ತು ನಿಮಿಷ. ಆಮೇಲೆ ಕಿಟಕಿಯ ಮೇಲಂಚು, ಹತ್ತು ನಿಮಿಷ. ಆಮೇಲೆ ಚಾವಣಿ ಕೂಡುವ ಕೀಲು, ಕೊನೆಗೆ ಎಸಿ, ವೆಂಟು, ಸೋಲಾರ್ ಪ್ಯಾನೆಲ್ಲಿನ ಬೋಲ್ಟುಗಳು. ಮೇಲಿನಿಂದ ಶುರು ಮಾಡಿದರೆ ಹರಿದ ನೀರು ಎಲ್ಲವನ್ನೂ ಒಟ್ಟಿಗೆ ನೆನೆಸಿ, ಯಾವುದು ಕಳ್ಳ ಎಂದು ತಿಳಿಯದೆ ಹೋಗುತ್ತದೆ. ಒಳಗಿನವರು "ಬಂತು!" ಎಂದ ಕ್ಷಣ ಹೊರಗೆ ನೀರು ಎಲ್ಲಿ ಬೀಳುತ್ತಿದೆಯೋ ಅಲ್ಲಿ ಚಾಕಿನ ಗುರುತು, ಒಳಗೂ ಹೊರಗೂ ವಿಡಿಯೊ, ಸಮಯ ಕಾಣುವಂತೆ. ಪ್ಲೈವುಡ್ಡಿನ ತೇವಕ್ಕೆ ಮುಳ್ಳು ಚುಚ್ಚುವ ಬಗೆಯ ಮೀಟರ್ ಬೇಕು. ಮನೆಯಲ್ಲಿರುವ ಕಾಫಿ ಮಾಯಿಶ್ಚರ್ ಮೀಟರ್ ಇದಕ್ಕೆ ಆಗದು, ಅದು ಬೀಜಕ್ಕೆ ಹೊಂದಿಸಿದ್ದು. ಮರದಲ್ಲಿ ಶೇಕಡಾ 20 ದಾಟಿದರೆ ಕೊಳೆಯಲು ದಾರಿಯಾಯಿತು.

ಎಸಿಯವರ ವಾದವೂ ಒಂದಿದೆ: ಕಂಪ್ರೆಸರ್ ಸುಟ್ಟರೆ 'ಲೋ ವೋಲ್ಟೇಜ್' ಎಂದು ಕೈಯೆತ್ತುತ್ತಾರೆ. ಮಳೆಗಾಲದಲ್ಲಿ ತೋಟದ ಲೈನುಗಳಲ್ಲಿ ವೋಲ್ಟೇಜ್ ಇರುವುದೂ ಹಾಗೆಯೇ. ಅದರ ಮೇಲೆ ಮನೆಯಿಂದ ಗಾಡಿಗೆ ಎಳೆದ 1.5 ಚದರ ಮಿಲಿಮೀಟರಿನ 30 ಮೀಟರ್ ವೈರಿನಲ್ಲಿ 8 ಆಂಪಿಯರ್ ಹರಿದರೆ ಸುಮಾರು 6 ವೋಲ್ಟ್ ದಾರಿಯಲ್ಲೇ ಖರ್ಚು, ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಅದರ ಮೂರು ಪಟ್ಟು. ಕನಿಷ್ಠ 2.5ರ ವೈರು, 16 ಆಂಪಿಯರಿನ ಪಾಯಿಂಟು, ಕಡಿಮೆ ವೋಲ್ಟೇಜಿಗೆ ತಾನೇ ಕಡಿಯುವ ಸ್ಟೆಬಿಲೈಜರ್ ಇದ್ದು, ಅವುಗಳ ಬಿಲ್ಲು ಇದ್ದರೆ ಆ ವಾದ ನಿಲ್ಲುವುದಿಲ್ಲ.

ಮಡಿಕೇರಿಯ ಆಯೋಗಕ್ಕೆ ಹೋಗುವ ಮುನ್ನ

ಒಂದೇ ದೂರು ಮೂರು ಸಲ, ಒಂದೇ ಮಾತಿನಲ್ಲಿ ದಾಖಲಾಗಿ, ಮೂರು ಸಲವೂ ಸರಿಹೋಗದಿದ್ದರೆ ಡೀಲರನನ್ನು ಬಿಟ್ಟು ಕಂಪನಿಗೆ ಬರೆಯುವ ಹೊತ್ತು. ಇಮೇಲ್, ಜೊತೆಗೆ ಸ್ಪೀಡ್ ಪೋಸ್ಟ್. ಚಾಸಿ ನಂಬರ್, ತಾರೀಖು, ಓಡೋಮೀಟರ್, ಜಾಬ್ ಕಾರ್ಡ್ ಸಂಖ್ಯೆ, ಗಾಡಿ ವರ್ಕ್‌ಶಾಪಿನಲ್ಲಿ ಕಳೆದ ದಿನಗಳು. ಬೈಗುಳ ಬೇಡ, ಒಂದೂವರೆ ಪುಟ ಸಾಕು. ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಡೀಲರಲ್ಲಿಗೆ ಬರುವ ದಿನವೇ ಗಾಡಿ ನೋಡಬೇಕೆಂದು ಕೇಳಿ. ಅವರ ಒಂದು ಸಹಿ ಐದು ಭೇಟಿಗೆ ಸಮ. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ವ್ಯಾಜ್ಯಕ್ಕೆ ಹೋಗುವ ಮುಂಚಿನ ಈ ಹಂತದಲ್ಲೇ ಬಗೆಹರಿಯುವವೂ ಇವೆ.

ಆಮೇಲಿನದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು. ಗಾಡಿ ಮೈಸೂರಿನಲ್ಲಿ ಕೊಂಡಿರಲಿ, ಬಾಡಿ ಬೇರೆ ರಾಜ್ಯದಲ್ಲಿ ಕಟ್ಟಿಸಿರಲಿ, ಮಡಿಕೇರಿಯಲ್ಲೇ ಸಲ್ಲಿಸಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. 20 ಲಕ್ಷ ದಾಟಿ 50 ಲಕ್ಷದೊಳಗಿನದಕ್ಕೆ ಶುಲ್ಕ 1,000 ರೂಪಾಯಿ. ದಾವೆಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಚಾಸಿ ಕಂಪನಿ, ಡೀಲರ್, ಬಾಡಿ ಬಿಲ್ಡರ್ ಮೂವರನ್ನೂ ಎದುರುದಾರರಾಗಿ ಸೇರಿಸಿ; ಒಬ್ಬರನ್ನು ಬಿಟ್ಟರೆ ಉಳಿದವರು ತಪ್ಪನ್ನೆಲ್ಲ ಬಿಟ್ಟವರ ಮೇಲೆ ಹಾಕುತ್ತಾರೆ. ಹೊಸ ಗಾಡಿಯೇ ಬೇಕೆಂಬ ಹಟ ಎಲ್ಲ ಕಡೆ ನಡೆಯದು. 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತು ದೋಷವಿರುವ ಭಾಗವನ್ನು ಬದಲಿಸುವ ಬಗ್ಗೆ ಇರುವಾಗ ಇಡೀ ಕಾರನ್ನು ಬದಲಿಸಿಕೊಡಿ ಎನ್ನಲಾಗದು ಎಂದಿತು. ತಯಾರಿಕೆಯ ದೋಷ ಎಂದು ಸಾಧಿಸಲು ತಜ್ಞರ ವರದಿ ಬೇಕಾಗುತ್ತದೆ. ಅಂಥ ಪರೀಕ್ಷೆಗೆ ಕಳಿಸುವ ಅಧಿಕಾರ ಕಾಯ್ದೆಯ 38ನೇ ಕಲಮಿನಲ್ಲಿ ಆಯೋಗಕ್ಕಿದೆ, ನಾವೇ ಅರ್ಜಿ ಹಾಕಿ ಕೇಳಬೇಕು.

ಕೊಡಗಿನವರು ಮುಗ್ಗರಿಸುವುದು ಇನ್ನೊಂದು ಕಡೆ. ಹೋಮ್‌ಸ್ಟೇಗೆ ಬಂದವರಿಗೆ ಬಾಡಿಗೆ ಕೊಡಲೆಂದು ಗಾಡಿ ಕೊಂಡಿದ್ದರೆ ಎದುರು ವಕೀಲರ ಮೊದಲ ಆಕ್ಷೇಪಣೆ, 'ಇವರು ಗ್ರಾಹಕರೇ ಅಲ್ಲ, ವಾಣಿಜ್ಯ ಉದ್ದೇಶ.' ಕಾಯ್ದೆಯಲ್ಲಿ ಇದಕ್ಕೆ ಒಂದು ವಿನಾಯಿತಿ ಇದೆ: ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಬಳಸುತ್ತಿದ್ದರೆ ಅದು ವಾಣಿಜ್ಯ ಉದ್ದೇಶವಲ್ಲ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸಿ ನೋಡಿಕೊಳ್ಳುವವರಿಗೆ ಈ ದಾರಿ ತೆರೆದಿದೆ. ಐದು ಗಾಡಿ, ಮ್ಯಾನೇಜರು, ಕಂಪನಿಯ ಹೆಸರಿನಲ್ಲಿ ಬಿಲ್ಲು ಇರುವವರಿಗೆ ಕಷ್ಟ. ಬಿಲ್ಲು ಯಾರ ಹೆಸರಿನಲ್ಲಿ ಎಂಬುದನ್ನು ಆಡಿಟರು ತೆರಿಗೆ ಉಳಿಸುವ ಕಣ್ಣಿನಿಂದ ನೋಡುತ್ತಾರೆ. ವಕೀಲರ ಕಣ್ಣಿನಿಂದಲೂ ಒಮ್ಮೆ ನೋಡಿಸಿ.

ಕೊನೆಗೊಂದು ಕ್ಯಾಲೆಂಡರಿನ ವಿಚಾರ. ಕ್ಯಾರವಾನುಗಳನ್ನು ಬಹಳ ಜನ ತೆಗೆದುಕೊಳ್ಳುವುದು ಮಳೆ ನಿಂತ ಮೇಲೆ, ದಸರೆಯ ಆಸುಪಾಸು, ಸೀಸನ್ನಿಗೆ ಬೇಕೆಂದು. ಬಾಡಿಗೆ ಆರು ತಿಂಗಳ ವಾರಂಟಿ ಎಂದು ಬಾಡಿ ಬಿಲ್ಡರ್ ಉದಾರವಾಗಿ ಬರೆದುಕೊಟ್ಟರೆ ಅದು ಏಪ್ರಿಲಿಗೆ ಮುಗಿಯಿತು. ಹೂಮಳೆಯ ನಾಲ್ಕು ಹನಿ ಬಿಟ್ಟರೆ ಆ ಚಾವಣಿ ಮಳೆಯನ್ನೇ ಕಂಡಿರುವುದಿಲ್ಲ. ಆರ್ಡರ್ ಫಾರಂನಲ್ಲೇ 'ಸೋರಿಕೆಯ ವಾರಂಟಿ ಮುಂದಿನ ಸೆಪ್ಟೆಂಬರ್ 30ರವರೆಗೆ' ಎಂದು ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಅಡ್ವಾನ್ಸ್ ಕೊಡುವ ದಿನ ಯಾವ ಬಾಡಿ ಬಿಲ್ಡರೂ ಇಲ್ಲ ಎನ್ನುವುದಿಲ್ಲ.